ಆರ್.ಇ.ಎಂ. ಬ್ಯಾಂಡಿನ ಪ್ರತಿ ಹಾಡಿಗೂ ನಾಲ್ವರ ಹೆಸರು ಏಕೆ ಇರುತ್ತಿತ್ತು?

ಪ್ರಶ್ನೆ: ಇಂದ್ರಾಳಿ ಬೇಸ್

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವನು, ಮಣಿಪಾಲದಲ್ಲಿ ಓದುತ್ತಿದ್ದೇನೆ. ನಾವು ನಾಲ್ವರು ಸೇರಿ ಕನ್ನಡದಲ್ಲಿ ಸ್ವಂತ ಹಾಡುಗಳನ್ನು ಕಟ್ಟುವ ಬ್ಯಾಂಡೊಂದನ್ನು ನಡೆಸುತ್ತಿದ್ದೇವೆ. ಅದರಲ್ಲಿ ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ಕಾಲೇಜಿನ ಉತ್ಸವಗಳಲ್ಲಿ ನುಡಿಸುತ್ತಿದ್ದಷ್ಟು ಕಾಲ ಯಾವ ಹಾಡು ಯಾರದೆಂಬ ಪ್ರಶ್ನೆ ಏಳಲಿಲ್ಲ. ಈಗ ಕೆಲವು ಹಾಡುಗಳನ್ನು ಮಂಗಳೂರಿನ ಸ್ಟುಡಿಯೊ ಒಂದರಲ್ಲಿ ರೆಕಾರ್ಡ್ ಮಾಡಿ ಅಂತರ್ಜಾಲಕ್ಕೆ ಏರಿಸಲು ಹೊರಟಾಗ ಸಾಹಿತ್ಯ ಯಾರದು, ಸಂಗೀತ ಯಾರದು ಎಂದು ಬರೆದುಕೊಡಬೇಕಾಗಿ ಬಂತು, ಅಲ್ಲಿಂದ ನಮ್ಮ ನಡುವಿನ ಮಾತು ಬಿಗಿಯಾಗಿದೆ. ಸಾಲುಗಳನ್ನು ಬರೆದವನು ಹಾಡುಗಾರ, ಮೊದಲ ಟ್ಯೂನ್ ತಂದವನು ಗಿಟಾರಿನವನು. ಆದರೆ ಅಭ್ಯಾಸದ ಕೋಣೆಯಲ್ಲಿ ಆ ಟ್ಯೂನಿನ ನಡೆಯನ್ನೇ ಬದಲಿಸಿ ಅದನ್ನು ಇಂದಿನ ರೂಪಕ್ಕೆ ತಂದವಳು ನಮ್ಮ ಡ್ರಮ್ಸ್‌ನವಳು. ಅವಳ ಹೆಸರು ಎಲ್ಲಿಯೂ ಬರುವುದಿಲ್ಲವೆಂದರೆ ನನಗೆ ಒಪ್ಪಲಾಗುತ್ತಿಲ್ಲ.

ಅಮೆರಿಕದ ಆರ್.ಇ.ಎಂ. ಬ್ಯಾಂಡು ತನ್ನ ಹಾಡುಗಳಿಗೆಲ್ಲ ನಾಲ್ವರ ಹೆಸರನ್ನೂ ಸಮನಾಗಿ ಹಾಕುತ್ತಿತ್ತು ಎಂದು ಒಬ್ಬ ಹಿರಿಯ ವಿದ್ಯಾರ್ಥಿ ಹೇಳಿದರು. ನಾನು ಆ ಬ್ಯಾಂಡಿನ ಒಂದೆರಡು ಪ್ರಸಿದ್ಧ ಹಾಡುಗಳನ್ನಷ್ಟೇ ಕೇಳಿದ್ದೇನೆ. ಒಂದು ವಿಶ್ವವಿದ್ಯಾಲಯದ ಊರಿನಿಂದ ಹೊರಟ ಗೆಳೆಯರು ಅಷ್ಟು ದೂರ ಸಾಗಿದ್ದು ಹೇಗೆ? ಹೆಸರನ್ನೂ ಹಣವನ್ನೂ ಸಮನಾಗಿ ಹಂಚಿಕೊಳ್ಳುವ ನಿರ್ಧಾರವೇ ಅವರನ್ನು ಇಷ್ಟು ವರ್ಷ ಒಟ್ಟಿಗೆ ಇಟ್ಟಿತೇ, ಅಥವಾ ಯಶಸ್ಸು ಬಂದ ಮೇಲೆ ಅಂಥ ಔದಾರ್ಯ ಯಾರಿಗಾದರೂ ಸಾಧ್ಯವೇ? ಇದನ್ನು ಅರ್ಥ ಮಾಡಿಕೊಳ್ಳಲು ಯಾವ ಆಲ್ಬಂಗಳನ್ನು ಯಾವ ಕ್ರಮದಲ್ಲಿ ಕೇಳಬೇಕು? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಬಿಜೈ ಶ್ರೋತೃ

ನಿಮ್ಮ ಎರಡನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದರಿಂದ ಅದಕ್ಕೆ ಮೊದಲು ಉತ್ತರಿಸುತ್ತೇನೆ. ಸಮಪಾಲಿನ ನಿರ್ಧಾರವನ್ನು ಅವರು ಕೈಯಲ್ಲಿ ಕಾಸಿಲ್ಲದಿದ್ದಾಗಲೇ ಮಾಡಿದ್ದರು. 1981ರಲ್ಲಿ ಹಿಬ್-ಟೋನ್ ಎಂಬ ಪುಟ್ಟ ಕಂಪನಿಯ ಮೂಲಕ ಹೊರಬಂದ ಅವರ ಮೊದಲ ಸಿಂಗಲ್ (ಬಿಡಿ ಹಾಡಿನ ಮುದ್ರಿಕೆ) ‘ರೇಡಿಯೊ ಫ್ರೀ ಯುರೋಪ್’ನಿಂದ ಹಿಡಿದು, ಹೊರಗಿನವರೊಡನೆ ಸೇರಿ ಬರೆದ ಕೆಲವನ್ನು ಬಿಟ್ಟರೆ, 1997ರಲ್ಲಿ ಒಬ್ಬರು ಬ್ಯಾಂಡ್ ಬಿಡುವವರೆಗಿನ ಅವರ ಸ್ವಂತ ಹಾಡುಗಳೆಲ್ಲಕ್ಕೂ ಬೆರಿ, ಬಕ್, ಮಿಲ್ಸ್, ಸ್ಟೈಪ್ ಎಂಬ ನಾಲ್ಕು ಹೆಸರುಗಳಿವೆ. ಅದು ಇಂಗ್ಲಿಷ್ ಅಕ್ಷರಾನುಕ್ರಮ. ಆ ಸಾಲಿನಲ್ಲಿ ಹಾಡುಗಾರ ಕೊನೆಯವನು, ಡ್ರಮ್ಸ್ ಬಾರಿಸುವವನು ಮೊದಲನೆಯವನು; ನಡುವಿನ ಬಕ್ ಗಿಟಾರಿನವನು, ಮಿಲ್ಸ್ ಬೇಸಿನವನು.

ಇದರ ಮಹತ್ವ ತಿಳಿಯಬೇಕಾದರೆ ರಾಯಧನ (ರಾಯಲ್ಟಿ) ಹೇಗೆ ಹರಿಯುತ್ತದೆಂದು ನೋಡಬೇಕು. ಒಂದು ಧ್ವನಿಮುದ್ರಿಕೆಯಲ್ಲಿ ಎರಡು ಬೇರೆ ಬೇರೆ ಆಸ್ತಿಗಳಿರುತ್ತವೆ: ಹಾಡಿನ ರಚನೆ ಒಂದು, ಅದನ್ನು ನುಡಿಸಿ ಮುದ್ರಿಸಿದ ಧ್ವನಿ ಇನ್ನೊಂದು. ಅಮೆರಿಕದ ಸಾಮಾನ್ಯ ರೇಡಿಯೊ ಕೇಂದ್ರಗಳು ಹಾಡನ್ನು ಪ್ರಸಾರ ಮಾಡಿದಾಗ ಹಣ ಕೊಡುವುದು ರಚನೆಕಾರರ ಪಾಲಿಗೆ ಮಾತ್ರ, ನುಡಿಸಿದವರಿಗೆ ಅದರಲ್ಲಿ ಏನೂ ಸಿಗುವುದಿಲ್ಲ. ಆದ್ದರಿಂದ ಒಂದೇ ವ್ಯಾನಿನಲ್ಲಿ ಊರೂರು ತಿರುಗಿ, ಒಂದೇ ವೇದಿಕೆಯಲ್ಲಿ ಬೆವರು ಸುರಿಸಿದ ಗೆಳೆಯರ ಪೈಕಿ ರಚನೆಕಾರನೆಂದು ಹೆಸರು ಬರೆಸಿಕೊಂಡವನು ಕೆಲವೇ ವರ್ಷಗಳಲ್ಲಿ ಸಿರಿವಂತನಾಗಿ, ಉಳಿದವರು ಬಾಡಿಗೆ ಕೋಣೆಯಲ್ಲಿಯೇ ಇರುವುದು ರಾಕ್ ಸಂಗೀತದಲ್ಲಿ ಮತ್ತೆ ಮತ್ತೆ ನಡೆದಿರುವ ಸಂಗತಿ. ಆಮೇಲೆ ಪ್ರತಿಯೊಬ್ಬನೂ ಆಲ್ಬಂನಲ್ಲಿ ತನ್ನದೇ ಹಾಡು ಬರಬೇಕೆಂದು ಹಟ ಹಿಡಿಯುತ್ತಾನೆ. ಆರ್.ಇ.ಎಂ. ಈ ಬೇರನ್ನೇ ಕಿತ್ತುಹಾಕಿತು. ಯಾರ ಟ್ಯೂನ್ ಆಯ್ಕೆಯಾದರೂ ಎಲ್ಲರಿಗೂ ಸಿಗುವುದು ಅಷ್ಟೇ ಆದ್ದರಿಂದ, ಹಾಡಿಗೆ ಯಾವುದು ಒಳ್ಳೆಯದೆಂಬುದಷ್ಟೇ ಚರ್ಚೆಯ ವಿಷಯವಾಗಿ ಉಳಿಯಿತು.

ಇನ್ನು ಊರಿನ ಮಾತು. ಜಾರ್ಜಿಯಾ ರಾಜ್ಯದ ಅಥೆನ್ಸ್, ಅಟ್ಲಾಂಟಾ ನಗರದಿಂದ ಸುಮಾರು 110 ಕಿಲೋಮೀಟರ್ ದೂರದಲ್ಲಿರುವ ವಿಶ್ವವಿದ್ಯಾಲಯದ ಪಟ್ಟಣ. ಮೈಕಲ್ ಸ್ಟೈಪ್ ಅಲ್ಲಿ ಚಿತ್ರಕಲೆ ಓದುತ್ತಿದ್ದರು, ಪೀಟರ್ ಬಕ್ ಒಂದು ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಇಬ್ಬರ ಗೆಳೆತನ ಆ ಅಂಗಡಿಯಲ್ಲಿಯೇ ಬೆಳೆಯಿತು, ಏಕೆಂದರೆ ಬಕ್ ತನಗಾಗಿ ತೆಗೆದಿರಿಸಿಕೊಂಡಿದ್ದ ರೆಕಾರ್ಡುಗಳನ್ನೇ ಸ್ಟೈಪ್ ಕೊಳ್ಳಲು ಬರುತ್ತಿದ್ದರು. ಮೈಕ್ ಮಿಲ್ಸ್ ಮತ್ತು ಬಿಲ್ ಬೆರಿ ಮೇಕನ್ ಎಂಬ ಊರಿನಲ್ಲಿ ಶಾಲಾದಿನಗಳಿಂದಲೇ ಜೊತೆಯಾಗಿ ನುಡಿಸುತ್ತಿದ್ದವರು. ನಾಲ್ವರೂ ಮೊದಲ ಬಾರಿಗೆ ಜನರೆದುರು ನುಡಿಸಿದ್ದು 1980ರ ಏಪ್ರಿಲ್ 5ರಂದು, ಪೂಜೆ ನಿಂತುಹೋಗಿದ್ದ ಒಂದು ಹಳೆಯ ಚರ್ಚಿನ ಕಟ್ಟಡದಲ್ಲಿ ನಡೆದ ಸ್ನೇಹಿತೆಯೊಬ್ಬರ ಹುಟ್ಟುಹಬ್ಬದ ಕೂಟದಲ್ಲಿ. ಅದೇ ಊರಿನ ಬಿ-52ಸ್ ಬ್ಯಾಂಡು ಅದಕ್ಕೆ ಮೊದಲೇ ಹೆಸರು ಮಾಡಿ ನ್ಯೂಯಾರ್ಕಿಗೆ ಹೋಗಿತ್ತು, ಇವರು ಅಥೆನ್ಸನ್ನೇ ನೆಲೆ ಮಾಡಿಕೊಂಡರು. ಮಣಿಪಾಲದಲ್ಲಿ ಕುಳಿತು ‘ಬೆಂಗಳೂರಿಗೆ ಹೋಗದಿದ್ದರೆ ಆಗುತ್ತದೆಯೇ’ ಎಂದು ಚಿಂತಿಸುವವರೆಲ್ಲ ಈ ಭಾಗವನ್ನು ಗಮನಿಸಬೇಕೆಂದು ನನ್ನ ಆಸೆ.

ಅವರ ಏರಿಕೆ ಬಹಳ ನಿಧಾನವಾದದ್ದು. 1982ರಲ್ಲಿ ಆರ್‌ಸಿಎಯಂಥ ದೊಡ್ಡ ಕಂಪನಿಯ ಆಸಕ್ತಿಯನ್ನು ಬದಿಗಿಟ್ಟು ಐ.ಆರ್.ಎಸ್. ಎಂಬ ಸಣ್ಣ ಕಂಪನಿಯನ್ನು ಆರಿಸಿಕೊಂಡರು. ಮೊದಲ ಆಲ್ಬಂಗಾಗಿ ಆ ಕಂಪನಿ ಸ್ಟೀಫನ್ ಹೇಗ್ ಎಂಬ ನಿರ್ಮಾಪಕರನ್ನು ಗೊತ್ತುಮಾಡಿತು. ಅವರು ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಿ, ಕೊನೆಗೆ ಅದರ ಮೇಲೆ ಕೀಬೋರ್ಡ್ ಸೇರಿಸಿದಾಗ ನಾಲ್ವರಿಗೂ ಸರಿಬೀಳಲಿಲ್ಲ. ತಮ್ಮ ಮೊದಲ ಸಿಂಗಲ್ ಮುದ್ರಿಸಿದ್ದ ಮಿಚ್ ಈಸ್ಟರ್ ಅವರೇ ಬೇಕೆಂದು ಒಟ್ಟಾಗಿ ಪಟ್ಟುಹಿಡಿದು, ಅವರ ಜೊತೆಗೆ ಡಾನ್ ಡಿಕ್ಸನ್ ಅವರನ್ನೂ ಸೇರಿಸಿಕೊಂಡು 1983ರಲ್ಲಿ ‘ಮರ್ಮರ್’ ತಂದರು. ಮೈಕಲ್ ಜಾಕ್ಸನ್ ಅವರ ‘ಥ್ರಿಲ್ಲರ್’ ಜಗತ್ತನ್ನೇ ಆವರಿಸಿದ್ದ ಆ ವರ್ಷ ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶಕರು ವರ್ಷದ ಆಲ್ಬಂ ಎಂದು ಆರಿಸಿದ್ದು ‘ಮರ್ಮರ್’ ಅನ್ನು. ಆದರೂ ಅದು ಮಾರಾಟದ ಪಟ್ಟಿಯಲ್ಲಿ 36ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ‘ದಿ ಒನ್ ಐ ಲವ್’ ಹಾಡಿನ ಮೂಲಕ ಅಮೆರಿಕದ ಮೊದಲ ಹತ್ತರೊಳಗೆ ಅವರು ಕಾಲಿಟ್ಟದ್ದು 1987ರಲ್ಲಿ, ಐದನೆಯ ಆಲ್ಬಂ ‘ಡಾಕ್ಯುಮೆಂಟ್’ ಬಂದಾಗ. ನಡುವಿನ ವರ್ಷಗಳೆಲ್ಲ ವ್ಯಾನು, ಕಾಲೇಜು ರೇಡಿಯೊ ಮತ್ತು ಸಣ್ಣ ಸಭಾಂಗಣಗಳ ವರ್ಷಗಳು. ಹಣಕ್ಕಾಗಿ ಕಟ್ಟಿದ ಒಪ್ಪಂದವಾಗಿದ್ದರೆ ಅದು ಆ ಅವಧಿಯಲ್ಲಿಯೇ ಮುರಿಯಬೇಕಿತ್ತು.

1988ರಲ್ಲಿ ದೊಡ್ಡ ಕಂಪನಿಯಾದ ವಾರ್ನರ್ ಸೇರಿದರು, ಅದೇ ನವೆಂಬರಿನಲ್ಲಿ ‘ಗ್ರೀನ್’ ಬಂತು. ಅದಾದ ಮೇಲೆ ಅವರು ತೆಗೆದುಕೊಂಡ ತೀರ್ಮಾನ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. 1989ರ ಸುದೀರ್ಘ ಪ್ರವಾಸದಿಂದ ದಣಿದ ನಾಲ್ವರು ಮುಂದಿನ ಎರಡು ಆಲ್ಬಂಗಳಿಗೆ, ಅಂದರೆ 1991ರ ‘ಔಟ್ ಆಫ್ ಟೈಮ್’ ಮತ್ತು 1992ರ ‘ಆಟೊಮ್ಯಾಟಿಕ್ ಫಾರ್ ದಿ ಪೀಪಲ್’ಗೆ, ಸಂಗೀತ ಪ್ರವಾಸವನ್ನೇ ಮಾಡಲಿಲ್ಲ. ಊರಿನಲ್ಲಿ ಉಳಿದು, ವಾದ್ಯಗಳನ್ನು ಅದಲುಬದಲು ಮಾಡಿಕೊಂಡು, ಡ್ರಮ್ಸ್‌ನವರು ಬೇಸ್ ಹಿಡಿದು, ಬೇಸಿನವರು ಆರ್ಗನ್ ಮುಂದೆ ಕುಳಿತು, ಗಿಟಾರಿನವರು ಮ್ಯಾಂಡೊಲಿನ್ ಕಲಿತು ಹಾಡುಗಳನ್ನು ಕಟ್ಟಿದರು. ಅವರಿಗೆ ಅತಿ ದೊಡ್ಡ ಕೀರ್ತಿ ತಂದವು ಆ ಎರಡೇ ಆಲ್ಬಂಗಳು. ಹೆಸರು ಸಮನಾಗಿ ಹಂಚಿಹೋಗಿರದಿದ್ದರೆ, ತನ್ನ ವಾದ್ಯವನ್ನು ಇನ್ನೊಬ್ಬನ ಕೈಗೆ ಕೊಡುವಷ್ಟು ನಿಶ್ಚಿಂತೆ ಯಾರಿಗೂ ಇರುತ್ತಿರಲಿಲ್ಲವೆಂದು ನಾನು ನಂಬುತ್ತೇನೆ.

ಉತ್ತರ: ಕುಳಾಯಿ ತಾಳ

ಮೇಲಿನ ಉತ್ತರವನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಹೆಸರಿನ ಸಮಾನತೆಗಿಂತಲೂ ನಿರ್ಧಾರದ ಸಮಾನತೆ ಆ ಬ್ಯಾಂಡನ್ನು ಹೆಚ್ಚು ಕಾಪಾಡಿತೆಂಬುದು ನನ್ನ ಅಭಿಪ್ರಾಯ. ನಾಲ್ವರಲ್ಲಿ ಪ್ರತಿಯೊಬ್ಬರಿಗೂ ಬೇಡವೆನ್ನುವ ಅಧಿಕಾರವಿತ್ತು. ಮೂವರು ಒಪ್ಪಿ ಒಬ್ಬರು ಒಪ್ಪದಿದ್ದರೆ ಆ ಕೆಲಸ ನಡೆಯುತ್ತಿರಲಿಲ್ಲ. ಬಹುಮತಕ್ಕಿಂತ ಇದು ಕಷ್ಟದ ದಾರಿ, ಆದರೆ ಸೋತವನೆಂಬ ಭಾವ ಒಬ್ಬನಲ್ಲಿಯೇ ವರ್ಷಗಟ್ಟಲೆ ಹೆಪ್ಪುಗಟ್ಟಲು ಇದರಲ್ಲಿ ಅವಕಾಶವಿಲ್ಲ. ಅವರ ಜೊತೆಗೆ ಬರ್ಟಿಸ್ ಡೌನ್ಸ್ ಎಂಬ ವಕೀಲರು ಆರಂಭದ ವರ್ಷಗಳಿಂದಲೂ ಇದ್ದರು. ಸ್ನೇಹವಿದೆಯೆಂದು ಕಾಗದಪತ್ರವನ್ನು ಅಲಕ್ಷಿಸದೆ, ಸ್ನೇಹ ಉಳಿಯಲೆಂದೇ ಕಾಗದಪತ್ರ ಮಾಡಿಕೊಂಡ ಬ್ಯಾಂಡದು.

ನಾನೂ ತಾಳವಾದ್ಯದವನಾದ್ದರಿಂದ ಬಿಲ್ ಬೆರಿ ಅವರ ಕುರಿತು ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ. ‘ಎವ್ರಿಬಡಿ ಹರ್ಟ್ಸ್’ ಹಾಡಿನ ಬಹುಭಾಗ ಮೂಡಿದ್ದು ಬೆರಿ ಅವರಿಂದ. ಆದರೆ ಆ ಮುದ್ರಿಕೆಯಲ್ಲಿ ಅವರ ಡ್ರಮ್ಸ್ ಬಹಳ ಹೊತ್ತು ಕೇಳಿಸುವುದೇ ಇಲ್ಲ, ಒಂದು ಯಂತ್ರದ ಸರಳ ಬಡಿತವೇ ಹಾಡನ್ನು ಮುನ್ನಡೆಸುತ್ತದೆ. ತನ್ನ ವಾದ್ಯಕ್ಕೆ ಜಾಗವೇ ಇಲ್ಲದ ಹಾಡನ್ನು ಡ್ರಮ್ಸ್‌ನವನು ತಂದು ಒಪ್ಪಿಸುತ್ತಾನೆಂದರೆ, ಅವನಿಗೆ ತನ್ನ ಸ್ಥಾನದ ಬಗ್ಗೆ ಎಷ್ಟು ಭರವಸೆಯಿದ್ದಿರಬೇಕು! ನಮ್ಮ ಯಕ್ಷಗಾನದ ಹಿಮ್ಮೇಳದಲ್ಲಿ ಚೆಂಡೆ, ಮದ್ದಳೆಯವರು ಪದವನ್ನು ರಚಿಸುವುದಿಲ್ಲ, ಆದರೆ ರಂಗದ ಮೇಲೆ ಆ ಪದ ಹೇಗೆ ನಿಲ್ಲುತ್ತದೆಂಬುದು ಅವರ ಕೈಯಲ್ಲಿರುತ್ತದೆ. ನಿಮ್ಮ ಡ್ರಮ್ಸ್‌ನವಳ ವಿಷಯದಲ್ಲಿ ನೀವು ಹೇಳುತ್ತಿರುವುದೂ ಇದನ್ನೇ.

ಸಮಪಾಲು ಎಲ್ಲ ಕಷ್ಟಕ್ಕೂ ಮದ್ದಾಗಲಿಲ್ಲವೆಂಬುದನ್ನೂ ನೋಡಬೇಕು. 1994ರ ‘ಮಾನ್ಸ್‌ಟರ್’ ಆಲ್ಬಂನ ನಂತರ ಅವರು ಮತ್ತೆ ಪ್ರವಾಸ ಹೊರಟಾಗ, 1995ರ ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ವೇದಿಕೆಯಲ್ಲಿ ಬೆರಿ ಅವರಿಗೆ ಮಿದುಳಿನ ರಕ್ತನಾಳದ ತೊಂದರೆಯಿಂದ ಅಸಹನೀಯ ತಲೆನೋವು ಬಂದು ಶಸ್ತ್ರಚಿಕಿತ್ಸೆಯಾಯಿತು. ಅದೇ ಪ್ರವಾಸದಲ್ಲಿ ಮಿಲ್ಸ್ ಅವರಿಗೂ ಸ್ಟೈಪ್ ಅವರಿಗೂ ಒಬ್ಬರಾದ ಮೇಲೊಬ್ಬರಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು. ಆ ಪ್ರವಾಸದ ನಡುವೆಯೇ ಹೊಸ ಹಾಡುಗಳನ್ನು ಮುದ್ರಿಸುತ್ತಾ ಹೋಗಿ 1996ರಲ್ಲಿ ‘ನ್ಯೂ ಅಡ್ವೆಂಚರ್ಸ್ ಇನ್ ಹೈ-ಫೈ’ ತಂದರು. ಅದೇ ವರ್ಷ ವಾರ್ನರ್ ಜೊತೆಗಿನ ಒಪ್ಪಂದ ಸುಮಾರು 8 ಕೋಟಿ ಡಾಲರಿಗೆ ನವೀಕರಣವಾಯಿತೆಂದು ಪತ್ರಿಕೆಗಳು ಬರೆದವು. ಅದರ ಮರುವರ್ಷ, 1997ರ ಅಕ್ಟೋಬರಿನಲ್ಲಿ, ಬೆರಿ ಬ್ಯಾಂಡನ್ನು ಬಿಟ್ಟು ಜಾರ್ಜಿಯಾದಲ್ಲಿಯೇ ಕೃಷಿಗೆ ತೊಡಗಿದರು. ಯಾರಾದರೊಬ್ಬರು ಹೊರಟರೆ ಬ್ಯಾಂಡ್ ಮುಗಿಯಿತೆಂಬ ಮಾತು ಮೊದಲಿನಿಂದಲೂ ಇತ್ತು. ತನ್ನಿಂದ ಬ್ಯಾಂಡ್ ಒಡೆಯುವುದಾದರೆ ತಾನು ಹೋಗುವುದಿಲ್ಲವೆಂದು ಬೆರಿ ಹೇಳಿದ್ದರಿಂದ ಉಳಿದ ಮೂವರು ಮುಂದುವರಿಯಲು ಒಪ್ಪಿದರು.

ನಂತರದ 1998ರ ‘ಅಪ್’ ಆಲ್ಬಂ ತಯಾರಾಗುವಾಗ ಮೂವರೂ ಬೇರೆಯಾಗುವ ಅಂಚಿಗೆ ಬಂದಿದ್ದರು. ಅವರ ನಾಲ್ಕನೆಯ ಮತವೂ ನಾಲ್ಕನೆಯ ಕಿವಿಯೂ ಹೋಗಿತ್ತು. ಬೇರೆ ಡ್ರಮ್ಸ್ ವಾದಕರು ಬಂದು ನುಡಿಸಿದರು, ಆದರೆ ಯಾರನ್ನೂ ಸದಸ್ಯರನ್ನಾಗಿ ಸೇರಿಸಿಕೊಳ್ಳಲಿಲ್ಲ. ‘ಹಾಡು ಉದ್ದವಾಯಿತು, ಕತ್ತರಿಸೋಣ’ ಎಂದು ನಿಷ್ಠುರವಾಗಿ ಹೇಳುವ ಒಬ್ಬರು ಆಮೇಲಿನ ಆಲ್ಬಂಗಳಲ್ಲಿ ಇರಲಿಲ್ಲವೆಂಬುದು ನನ್ನ ಕಿವಿಗೆ ಸ್ಪಷ್ಟವಾಗಿ ತಿಳಿಯುತ್ತದೆ. 2004ರ ‘ಅರೌಂಡ್ ದಿ ಸನ್’ ಕೇಳಿದರೆ ನಿಮಗೂ ಹಾಗೆಯೇ ಅನಿಸಬಹುದು.

ಉತ್ತರ: ಬೆಂದೂರು ಮ್ಯಾಂಡೊಲಿನ್

ಕೇಳುವ ಕ್ರಮದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಕೊಂಕಣಿ ಹಾಡುಗಳಿಗೆ ಮ್ಯಾಂಡೊಲಿನ್ ನುಡಿಸುತ್ತಾ ಬೆಳೆದ ನನಗೆ ಆ ಬ್ಯಾಂಡಿನ ಬಾಗಿಲು ತೆರೆದದ್ದು ‘ಲೂಸಿಂಗ್ ಮೈ ರಿಲಿಜನ್’ ಹಾಡಿನಿಂದ; ನೀವು ಕೇಳಿರುವ ಹಾಡುಗಳಲ್ಲಿ ಬಹುಶಃ ಅದೂ ಇರಬಹುದು. ಹೊಸದಾಗಿ ಕೊಂಡ ಮ್ಯಾಂಡೊಲಿನ್ ಹಿಡಿದು ಟಿ.ವಿ. ನೋಡುತ್ತಾ ಅಭ್ಯಾಸ ಮಾಡುವಾಗ ಆ ಟ್ಯೂನ್ ಹೊಳೆಯಿತೆಂದು ಪೀಟರ್ ಬಕ್ ಹೇಳಿದ್ದಾರೆ. ಜನಪ್ರಿಯ ಹಾಡಿಗೆ ಇರಬೇಕಾದ ಪಲ್ಲವಿಯ ಪುನರಾವರ್ತನೆ ಅದರಲ್ಲಿ ಇಲ್ಲವೆನ್ನಬಹುದು, ಮುಂಚೂಣಿಯ ವಾದ್ಯವೋ ಮ್ಯಾಂಡೊಲಿನ್. ಆದ್ದರಿಂದ ಅದನ್ನು ಮೊದಲ ಸಿಂಗಲ್ ಆಗಿ ಬಿಡಲು ಕಂಪನಿ ಹಿಂಜರಿದಿತ್ತು. ಆದರೂ ಅದು ಅಮೆರಿಕದ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು, ‘ಔಟ್ ಆಫ್ ಟೈಮ್’ ಆಲ್ಬಂ ಮೊದಲ ಸ್ಥಾನ ಪಡೆಯಿತು. ಅದರ ವಿಡಿಯೊ ನಿರ್ದೇಶಿಸಿದವರು ಪಂಜಾಬಿನ ಜಲಂಧರ್‌ನಲ್ಲಿ ಹುಟ್ಟಿದ ತರ್ಸೆಮ್ ಸಿಂಗ್. ಅದು 1991ರಲ್ಲಿ ಎಂಟಿವಿಯ ವರ್ಷದ ವಿಡಿಯೊ ಪ್ರಶಸ್ತಿಯನ್ನೂ ಮರುವರ್ಷ ಗ್ರ್ಯಾಮಿಯನ್ನೂ ಗಳಿಸಿತು. ಅದರ ಬಣ್ಣ, ಬೆಳಕು, ದೇವತೆಗಳ ಭಂಗಿಗಳನ್ನು ನೋಡುವಾಗ ನಮ್ಮ ಕ್ಯಾಲೆಂಡರ್ ಚಿತ್ರಗಳ ನೆನಪಾಗದೆ ಇರುವುದಿಲ್ಲ.

ಮೊದಲು ‘ಔಟ್ ಆಫ್ ಟೈಮ್’ ಕೇಳಿರಿ. ನೀವು ಬೇಸ್ ನುಡಿಸುವವರಾದ್ದರಿಂದ ಅದರಲ್ಲಿನ ‘ಲೂಸಿಂಗ್ ಮೈ ರಿಲಿಜನ್’ ಹಾಡನ್ನು ಇನ್ನೊಮ್ಮೆ, ಮ್ಯಾಂಡೊಲಿನ್ನನ್ನೂ ಧ್ವನಿಯನ್ನೂ ಬದಿಗಿರಿಸಿ, ಮಿಲ್ಸ್ ಅವರ ಬೇಸನ್ನಷ್ಟೇ ಅನುಸರಿಸಿ ಕೇಳಿರಿ. ಬಳಿಕ ‘ಮರ್ಮರ್’ಗೆ ಹಿಂದಿರುಗಿ. ಅಲ್ಲಿ ಸ್ಟೈಪ್ ಅವರ ಮಾತುಗಳು ಅರ್ಧ ಕೇಳಿಸಿ ಅರ್ಧ ಕೇಳಿಸದಂತಿರುತ್ತವೆ, ಹಾಗಾಗಿ ಸ್ವರವನ್ನು ಹೊತ್ತು ಮುನ್ನಡೆಸುವ ಕೆಲಸ ಅನೇಕ ಕಡೆ ಬೇಸಿನ ಪಾಲಿಗೆ ಬಂದಿದೆ. ಹಿನ್ನೆಲೆಯ ಹಾಡುಗಾರಿಕೆಯಲ್ಲಿಯೂ ಮಿಲ್ಸ್ ಇದ್ದಾರೆ. ಆಮೇಲೆ ‘ಲೈಫ್ಸ್ ರಿಚ್ ಪೇಜಂಟ್’ (1986) ಕೇಳಿದರೆ ಮಾತುಗಳು ಬೆಳಕಿಗೆ ಬರುವುದನ್ನು ಗಮನಿಸುವಿರಿ. ಕೊನೆಗೆ ‘ಆಟೊಮ್ಯಾಟಿಕ್ ಫಾರ್ ದಿ ಪೀಪಲ್’. ಅದರ ಕೆಲವು ಹಾಡುಗಳಿಗೆ ತಂತಿವಾದ್ಯಗಳ ಸಂಯೋಜನೆ ಮಾಡಿದವರು ಲೆಡ್ ಜೆಪ್ಪೆಲಿನ್ ಬ್ಯಾಂಡಿನ ಜಾನ್ ಪಾಲ್ ಜೋನ್ಸ್, ಅವರೂ ಬೇಸ್ ವಾದಕರೇ. ಈ ನಾಲ್ಕು ಆಲ್ಬಂಗಳನ್ನು ಕೇಳಿದ ಮೇಲೆ ಉಳಿದ ಹನ್ನೊಂದನ್ನು ಯಾವ ಕ್ರಮದಲ್ಲಿ ಬೇಕಾದರೂ ಕೇಳಬಹುದು.

ಪ್ರಶ್ನೆ ಕೇಳಿದವರಿಂದ: ಇಂದ್ರಾಳಿ ಬೇಸ್

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಎಲ್ಲ ಉತ್ತರಗಳನ್ನೂ ಬ್ಯಾಂಡಿನವರಿಗೆ ಓದಿ ಹೇಳಿದೆ. ನಮ್ಮ ಹಾಡುಗಾರ ಒಂದು ಮಾತು ಕೇಳಿದ, ಅದು ನನಗೆ ನ್ಯಾಯವೆಂದೇ ತೋರುತ್ತದೆ: ತಿಂಗಳುಗಟ್ಟಲೆ ಒಂಟಿಯಾಗಿ ಕುಳಿತು ಬರೆದ ಸಾಹಿತ್ಯವೂ, ಅಭ್ಯಾಸದ ಕೋಣೆಯಲ್ಲಿ ಒಂದು ಸಂಜೆಯಲ್ಲಿ ಹೊಳೆದ ತಾಳವೂ ಒಂದೇ ತೂಕದ್ದೇ? ನಾಳೆ ನಮ್ಮಲ್ಲಿ ಒಬ್ಬರು ಉದ್ಯೋಗಕ್ಕಾಗಿ ಬೇರೆ ಊರಿಗೆ ಹೋದರೆ ಅವರ ಪಾಲಿನ ಗತಿಯೇನು? ನಮ್ಮ ದೇಶದ ಕಾನೂನಿನಲ್ಲಿ ಇದಕ್ಕೆ ಏನು ವ್ಯವಸ್ಥೆಯಿದೆ?

ಉತ್ತರ: ಬಿಜೈ ಶ್ರೋತೃ

ನಿಮ್ಮ ಹಾಡುಗಾರನ ಮಾತಿಗೆ ಗೌರವ ಕೊಡಲೇಬೇಕು, ಏಕೆಂದರೆ ಸಮಪಾಲಿನಲ್ಲಿ ಹೆಚ್ಚು ಬಿಟ್ಟುಕೊಡುವವನು ಅವನೇ. ಸ್ಟೈಪ್ ಅವರ ಸ್ಥಿತಿಯೂ ಅದೇ ಆಗಿತ್ತು. ಸಾಹಿತ್ಯ ಬಹುತೇಕ ಅವರದೇ, ಜಗತ್ತು ಗುರುತಿಸುತ್ತಿದ್ದ ಮುಖವೂ ಅವರದೇ. ಆದ್ದರಿಂದ ಉಳಿದ ಮೂವರು ಹಕ್ಕೆಂದು ಕೇಳದೆ, ಅವನು ತಾನಾಗಿ ಒಪ್ಪುವಂತಾದರೆ ಒಳ್ಳೆಯದು. ಮನಸ್ಸಿಲ್ಲದೆ ಒಪ್ಪಿದ ಸಮಪಾಲು ಮುಂದೆ ಜಗಳಕ್ಕೆ ಬೀಜವಾಗುತ್ತದೆ. ಅವನಿಗೆ ಒಪ್ಪಿಗೆಯಿಲ್ಲವಾದರೆ ಸಾಹಿತ್ಯ ಅವನ ಹೆಸರಿನಲ್ಲಿರಲಿ, ಸಂಗೀತ ನಾಲ್ವರ ಹೆಸರಿನಲ್ಲಿರಲಿ. ಅದೂ ಗೌರವದ ದಾರಿಯೇ.

ಭಾರತದ ಹಕ್ಕುಸ್ವಾಮ್ಯ ಕಾಯಿದೆ ಹಾಡಿನ ಮಾತುಗಳನ್ನು ಸಾಹಿತ್ಯ ಕೃತಿಯೆಂದೂ ಸಂಗೀತವನ್ನು ಪ್ರತ್ಯೇಕ ಕೃತಿಯೆಂದೂ ನೋಡುತ್ತದೆ, ಆದ್ದರಿಂದ ಮೇಲಿನ ವಿಭಜನೆಗೆ ಅಡ್ಡಿಯಿಲ್ಲ. ಹಲವರು ಸೇರಿ ರಚಿಸಿದ್ದನ್ನು ಜಂಟಿ ಕೃತಿಯೆಂದು ಅದು ಒಪ್ಪುತ್ತದೆ. 2012ರ ತಿದ್ದುಪಡಿಯ ಬಳಿಕ, ಹಕ್ಕನ್ನು ಯಾವುದಾದರೂ ಕಂಪನಿಗೆ ವರ್ಗಾಯಿಸಿದರೂ ಸಾಹಿತ್ಯ ಮತ್ತು ಸಂಗೀತದ ರಚನೆಕಾರರಿಗೆ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕು ಉಳಿಯುತ್ತದೆ. ನುಡಿಸಿದವರಿಗೆ ಪ್ರದರ್ಶಕರೆಂಬ ನೆಲೆಯಲ್ಲಿ ಬೇರೆ ಹಕ್ಕಿದೆ. ನಿಮ್ಮ ಡ್ರಮ್ಸ್‌ನವಳಿಗೆ ಪ್ರದರ್ಶಕಿಯ ಹಕ್ಕು ಹೇಗೂ ಇದೆ. ರಚನೆಕಾರರ ಸಾಲಿನಲ್ಲಿ ಅವಳ ಹೆಸರು ಇರಬೇಕೇ ಎಂಬುದನ್ನು ಈಗ ನೀವು ನಾಲ್ವರು ತೀರ್ಮಾನಿಸಬೇಕು. ಐಪಿಆರ್‌ಎಸ್ ಎಂಬ, ರಚನೆಕಾರರಿಗೆ ರಾಯಧನ ಸಂಗ್ರಹಿಸಿಕೊಡುವ ಸಂಸ್ಥೆಯಲ್ಲಿ ಸದಸ್ಯರಾಗಿ ಹಾಡನ್ನು ನೋಂದಾಯಿಸುವಾಗ ಪ್ರತಿಯೊಬ್ಬರ ಪಾಲನ್ನು ಶೇಕಡಾವಾರು ಬರೆಯಬೇಕಾಗುತ್ತದೆ, ಆದ್ದರಿಂದ ಅಲ್ಲಿಗೆ ಹೋಗುವ ಮೊದಲೇ ಮಾತು ಮುಗಿದಿರಲಿ.

ಒಬ್ಬರು ಊರು ಬಿಟ್ಟರೆ ಏನೆಂಬುದಕ್ಕೆ ಬೆರಿ ಅವರ ಉದಾಹರಣೆಯೇ ಇದೆ. 1997ಕ್ಕೆ ಮೊದಲಿನ ಹಾಡುಗಳಲ್ಲಿ ಅವರ ಹೆಸರು ಇಂದಿಗೂ ಮೊದಲನೆಯದು. ನಂತರದ ಹಾಡುಗಳಿಗೆ ಬಕ್, ಮಿಲ್ಸ್, ಸ್ಟೈಪ್ ಎಂಬ ಮೂರೇ ಹೆಸರುಗಳು. ಯಾರೂ ಅವರ ಪಾಲನ್ನು ಕಿತ್ತುಕೊಳ್ಳಲಿಲ್ಲ, ಅವರೂ ಹೊಸದರಲ್ಲಿ ಪಾಲು ಕೇಳಲಿಲ್ಲ. 2007ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದಾಗ ಬೆರಿ ಬಂದು ಅವರೊಡನೆ ನುಡಿಸಿದರು. 2011ರ ಸೆಪ್ಟೆಂಬರ್ 21ರಂದು ಉಳಿದ ಮೂವರು ಬ್ಯಾಂಡನ್ನು ಮುಗಿಸುತ್ತಿರುವುದಾಗಿ ಪ್ರಕಟಿಸಿದರು; ಅದರ ಹಿಂದೆ ನ್ಯಾಯಾಲಯದ ಜಗಳವಾಗಲಿ ಪರಸ್ಪರ ದೂಷಣೆಯಾಗಲಿ ಇರಲಿಲ್ಲ. 2024ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಹಾಡು ರಚನೆಕಾರರ ಗೌರವ ಪಡೆಯುವಾಗ ನಾಲ್ವರೂ ಒಟ್ಟಿಗೆ ನಿಂತು ‘ಲೂಸಿಂಗ್ ಮೈ ರಿಲಿಜನ್’ ನುಡಿಸಿದರು. ಆ ಗೌರವ ಡ್ರಮ್ಸ್‌ನವರಿಗೂ ಸಂದದ್ದು 1981ರಿಂದ ಅವರ ಹೆಸರು ಆ ಸಾಲಿನಲ್ಲಿ ಇದ್ದುದರಿಂದಲೇ.

ನೀವು ಸ್ಟುಡಿಯೊಗೆ ಹೋಗುವ ಮೊದಲು ಪ್ರತಿ ಹಾಡಿನ ಹೆಸರು, ದಿನಾಂಕ, ರಚನೆಕಾರರ ಹೆಸರು ಮತ್ತು ಪಾಲು, ಬಿಟ್ಟುಹೋದವರ ಹಳೆಯ ಪಾಲು ಉಳಿಯುತ್ತದೆಂಬ ಒಂದು ವಾಕ್ಯ, ಇಷ್ಟನ್ನು ಕನ್ನಡದಲ್ಲಿಯೇ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಮಾಡಿರಿ. ಸಾಧ್ಯವಿದ್ದರೆ ಉಡುಪಿಯಲ್ಲಿ ಪರಿಚಯದ ವಕೀಲರೊಬ್ಬರಿಗೆ ಅದನ್ನು ಒಮ್ಮೆ ತೋರಿಸಿರಿ. ಹಾಡುಗಳು ಹೊರಬಂದ ಮೇಲೆ ಕೊಂಡಿಯನ್ನು ಇಲ್ಲಿಯೇ ಹಾಕಬೇಕೆಂದು ನಮ್ಮೆಲ್ಲರ ಕೋರಿಕೆ.